ಹಚ್ಚುವ ಮುಲಾಮಿಗೆ ಕ್ಯಾನ್ಸರ್ ಮಣಿಯುತ್ತದೆಯೇ? ಒಂದು ಸೋಪಿನ ಸುದ್ದಿಯ ಒಳಗೆ

‘ಹದಿನಾಲ್ಕರ ಹುಡುಗ ಚರ್ಮದ ಕ್ಯಾನ್ಸರ್ ಗುಣಪಡಿಸುವ ಸೋಪು ಕಂಡುಹಿಡಿದ.’ 2023ರ ಅಕ್ಟೋಬರಿನಲ್ಲಿ ಹೊರಟ ಈ ಸುದ್ದಿ ಇನ್ನೂ ಓಡಾಡುತ್ತಲೇ ಇದೆ. ಓದಿದವರಲ್ಲಿ ಎರಡು ಪಂಗಡ. ‘ಇಷ್ಟು ಸುಲಭದ ಮದ್ದನ್ನು ಕಂಪನಿಗಳು ಮುಚ್ಚಿಟ್ಟಿದ್ದವು’ ಎನ್ನುವವರು ಒಂದು ಕಡೆ. ‘ಕ್ಯಾನ್ಸರಿಗೆ ಸೋಪಾ? ಸುಮ್ನೆ ಗಾಳಿಸುದ್ದಿ’ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ತಪ್ಪು.

ಹುಡುಗ ನಿಜ. ಹೆಸರು ಹೆಮನ್ ಬೆಕೆಲೆ. ಹುಟ್ಟಿದ್ದು ಇಥಿಯೋಪಿಯಾದ ಅಡಿಸ್ ಅಬಾಬದಲ್ಲಿ, ಬೆಳೆದದ್ದು ಅಮೆರಿಕದ ವರ್ಜೀನಿಯಾದಲ್ಲಿ. 3ಎಂ ಕಂಪನಿ ಶಾಲಾ ಮಕ್ಕಳಿಗೆ ನಡೆಸುವ ವಿಜ್ಞಾನ ಸ್ಪರ್ಧೆಯಲ್ಲಿ ಗೆದ್ದು 25,000 ಡಾಲರ್ ಬಹುಮಾನ ಪಡೆದ. ಮರುವರ್ಷ ಟೈಮ್ ಪತ್ರಿಕೆ ಅವನನ್ನು ವರ್ಷದ ಬಾಲಕ ಎಂದು ಆರಿಸಿತು. ಅವನ ಸೋಪಿನೊಳಗಿನ ಔಷಧವೂ ನಿಜ. ಅದರ ಹೆಸರು ಇಮಿಕ್ವಿಮೋಡ್. ಆದರೆ ಇದೇನೂ ಹೊಸ ಔಷಧವಲ್ಲ. ಕಾಲು ಶತಮಾನದಿಂದ ಚರ್ಮ ವೈದ್ಯರು ಚೀಟಿಯಲ್ಲಿ ಬರೆದುಕೊಡುತ್ತಿರುವ ಮುಲಾಮು.

ಹಾಗಾಗಿ ‘ಸೋಪು ಬಂತಾ’ ಎಂದು ಕೇಳುವುದಕ್ಕಿಂತ, ಈ ಮುಲಾಮಿನಿಂದ ಎಷ್ಟು ಆಗುತ್ತದೆ, ಎಲ್ಲಿ ಆಗುವುದಿಲ್ಲ, ಅಪರೂಪದ ಚರ್ಮದ ಕ್ಯಾನ್ಸರ್‌ಗಳಲ್ಲಿ ವೈದ್ಯರು ಇದರ ಬಗ್ಗೆ ಯಾಕೆ ಇನ್ನೂ ಜಗಳವಾಡುತ್ತಿದ್ದಾರೆ ಎಂದು ಕೇಳಬೇಕು.

ನರಹುಲಿಗೆ ಹುಟ್ಟಿದ ಔಷಧ

ಇಮಿಕ್ವಿಮೋಡ್ ಹುಟ್ಟಿದ್ದು ಅದೇ 3ಎಂ ಕಂಪನಿಯ ಪ್ರಯೋಗಾಲಯದಲ್ಲಿ. ಅಂಟು ಟೇಪು, ಮರಳು ಕಾಗದ ಮಾಡುವ ಕಂಪನಿ ಎಂದೇ ಹೆಚ್ಚಿನವರಿಗೆ ಗೊತ್ತು. ಒಂದು ಕಾಲಕ್ಕೆ ಅವರದೇ ಔಷಧ ವಿಭಾಗವೂ ಇತ್ತು. ಅವರು ಹುಡುಕುತ್ತಿದ್ದದ್ದು ವೈರಸ್ ಕೊಲ್ಲುವ ಔಷಧವನ್ನು. ಸಿಕ್ಕಿದ್ದು ಒಂದು ವಿಚಿತ್ರ ವಸ್ತು. ಪರೀಕ್ಷಾ ತಟ್ಟೆಯಲ್ಲಿ ಅದು ವೈರಸ್ಸನ್ನು ನೇರವಾಗಿ ಏನೂ ಮಾಡುತ್ತಿರಲಿಲ್ಲ. ಪ್ರಾಣಿಗಳಿಗೆ ಕೊಟ್ಟರೆ ಮಾತ್ರ ವೈರಸ್ ಸೋಲುತ್ತಿತ್ತು. ಅಂದರೆ ಹೊಡೆಯುತ್ತಿದ್ದದ್ದು ಔಷಧವಲ್ಲ, ಪ್ರಾಣಿಯ ದೇಹ.

1997ರಲ್ಲಿ ಅಮೆರಿಕದ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. ಕ್ಯಾನ್ಸರಿಗಲ್ಲ, ಗುಪ್ತಾಂಗದ ನರಹುಲಿಗೆ. ಇದು ಹೇಗೆ ಕೆಲಸ ಮಾಡುತ್ತದೆ ಎಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. 2002ರಲ್ಲಿ ಜಪಾನಿನ ಒಸಾಕಾದಲ್ಲಿ ಶಿಜುವೊ ಅಕಿರಾ ಅವರ ತಂಡ ಉತ್ತರ ಕೊಟ್ಟಿತು. ನಮ್ಮ ರಕ್ಷಣಾ ಕೋಶಗಳ ಒಳಗೆ ಟಿಎಲ್‌ಆರ್-7 ಎಂಬ ಒಂದು ಕಾವಲುಗಾರ ಅಣು ಇದೆ. ವೈರಸ್ಸಿನ ಆರ್‌ಎನ್‌ಎ ಕಂಡರೆ ಕೂಗಿಕೊಳ್ಳುವುದು ಅದರ ಕೆಲಸ. ಇಮಿಕ್ವಿಮೋಡ್ ಹೋಗಿ ಇದನ್ನೇ ಮುಟ್ಟುತ್ತದೆ. ಈ ಜಾತಿಯ ಕಾವಲು ಅಣುಗಳ ಬಗೆಗಿನ ಕೆಲಸಕ್ಕೇ 2011ರ ವೈದ್ಯಕೀಯ ನೊಬೆಲ್‌ನ ಅರ್ಧ ಪಾಲು ಹೋಯಿತು.

‘ಹುಲಿ ಬಂತು ಹುಲಿ’

ದನ ಕಾಯುವ ಹುಡುಗ ‘ಹುಲಿ ಬಂತು ಹುಲಿ’ ಎಂದು ಸುಳ್ಳು ಕೂಗಿದ ಕತೆ ಎಲ್ಲರಿಗೂ ಗೊತ್ತು. ಇಮಿಕ್ವಿಮೋಡ್ ಮಾಡುವುದೂ ಅದನ್ನೇ. ಅಲ್ಲಿ ವೈರಸ್ ಇರುವುದಿಲ್ಲ. ಆದರೂ ಇದೆ ಎಂದು ಕೂಗು ಏಳುತ್ತದೆ. ಊರಿನ ಜನರೆಲ್ಲ ದೊಣ್ಣೆ ಹಿಡಿದು ಓಡಿಬರುತ್ತಾರೆ. ಬಂದವರಿಗೆ ಹುಲಿ ಕಾಣುವುದಿಲ್ಲ. ಆದರೆ ಪೊದೆಯಲ್ಲಿ ಅಡಗಿ ಕೂತಿದ್ದ ಕಳ್ಳ ಸಿಕ್ಕಿಬೀಳುತ್ತಾನೆ.

ಆ ಕಳ್ಳನೇ ಕ್ಯಾನ್ಸರ್ ಕೋಶ. ಅದು ಹೊರಗಿನಿಂದ ಬಂದದ್ದಲ್ಲ. ನಮ್ಮದೇ ಕೋಶ ದಾರಿ ತಪ್ಪಿ ಹಾಗಾದದ್ದು. ಹಾಗಾಗಿ ರಕ್ಷಣಾ ಪಡೆ ಅದನ್ನು ನೋಡಿಯೂ ನೋಡದಂತೆ ಹೋಗುತ್ತಿರುತ್ತದೆ. ಮುಲಾಮು ಹಚ್ಚಿದ ಜಾಗದಲ್ಲಿ ಇಂಟರ್‌ಫೆರಾನ್‌ನಂಥ ರಾಸಾಯನಿಕಗಳು ಸುರಿಯುತ್ತವೆ, ಚರ್ಮ ಕೆಂಪಾಗುತ್ತದೆ, ಟಿ ಕೋಶಗಳೆಂಬ ರಕ್ಷಣಾ ಕೋಶಗಳು ಗುಂಪುಗೂಡುತ್ತವೆ. ಆ ಗದ್ದಲದಲ್ಲಿ ಅಷ್ಟು ದಿನ ಕಾಣದ ಕ್ಯಾನ್ಸರ್ ಕಣ್ಣಿಗೆ ಬೀಳುತ್ತದೆ.

ಇದರಿಂದ ಎರಡು ಪರಿಣಾಮ. ಒಂದು, ಮುಲಾಮು ಕೆಲಸ ಮಾಡುತ್ತಿದ್ದರೆ ಚರ್ಮ ಚೆನ್ನಾಗಿ ಕಾಣುವುದಿಲ್ಲ, ಕೆಟ್ಟದಾಗಿ ಕಾಣುತ್ತದೆ. ಎರಡನೇ ವಾರದ ಹೊತ್ತಿಗೆ ಹಚ್ಚಿದ ಜಾಗ ಕೆಂಡದಂತೆ ಕೆಂಪಾಗಿ, ಒಸರಿ, ಹಕ್ಕಳೆ ಕಟ್ಟುತ್ತದೆ. ಕೆಲವರಿಗೆ ಜ್ವರ, ಮೈಕೈ ನೋವು. ಸೋಂಕಾಯಿತು ಎಂದು ಗಾಬರಿಯಾಗಿ ಅರ್ಧಕ್ಕೇ ಬಿಡುವವರಿದ್ದಾರೆ. ಎರಡು, ಕೂಗು ಕೇಳಿಸಿಕೊಂಡು ಬರಲು ಊರಿನಲ್ಲಿ ಜನ ಇರಬೇಕು. ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನುತ್ತಿರುವವರಲ್ಲಿ ಬರುವ ಜನವೇ ಕಡಿಮೆ. ದುರದೃಷ್ಟಕ್ಕೆ ಚರ್ಮದ ಕ್ಯಾನ್ಸರ್ ಜಾಸ್ತಿ ಬರುವುದೂ ಅವರಿಗೇ.

ಎಡತೋಳಿನ ಕಲೆ ಮತ್ತು ಮೂತ್ರಕೋಶ

ದೇಹವನ್ನು ಕೆಣಕಿ ಕ್ಯಾನ್ಸರಿನ ಮೇಲೆ ಬಿಡುವ ಯೋಚನೆ ಹಳೆಯದು. 1890ರ ದಶಕದಲ್ಲೇ ನ್ಯೂಯಾರ್ಕಿನ ಸರ್ಜನ್ ವಿಲಿಯಂ ಕೋಲಿ ಗಡ್ಡೆಗಳಿಗೆ ಬ್ಯಾಕ್ಟೀರಿಯಾ ಚುಚ್ಚುತ್ತಿದ್ದರು. ಕೆಲವರು ಬದುಕಿದರು, ಕೆಲವರು ಸೋಂಕಿನಿಂದಲೇ ಸತ್ತರು.

ಇಂದಿಗೂ ಬಳಕೆಯಲ್ಲಿರುವ ಉದಾಹರಣೆ ನಮ್ಮ ಮೈಮೇಲೇ ಇದೆ. ಹುಟ್ಟಿದಾಗ ಎಡತೋಳಿಗೆ ಹಾಕಿಸುವ ಬಿಸಿಜಿ ಲಸಿಕೆ ಅದು. ಅದೇ ಬಿಸಿಜಿಯನ್ನು ಮೂತ್ರಕೋಶದೊಳಗೆ ಬಿಟ್ಟರೆ ಅಲ್ಲಿನ ಒಳಪದರದ ಕ್ಯಾನ್ಸರ್ ಹಿಂಜರಿಯುತ್ತದೆ ಎಂದು 1976ರಲ್ಲಿ ಕೆನಡಾದ ಆಲ್ವಾರೊ ಮೊರಾಲೆಸ್ ತೋರಿಸಿದರು. ಬೆಂಗಳೂರಿನ ಮೂತ್ರಾಂಗ ವೈದ್ಯರಿಗೂ ಇದು ದಿನನಿತ್ಯದ ಚಿಕಿತ್ಸೆ. ಆದರೆ ಅದನ್ನು ಬಳಸುವುದು ಕ್ಯಾನ್ಸರ್ ಒಳಪದರದ ಮೇಲೆ ಮಾತ್ರ ಹರಡಿದ್ದಾಗ. ಸ್ನಾಯುವಿನೊಳಗೆ ಇಳಿದಿದ್ದರೆ ಬಿಸಿಜಿಯ ಕೆಲಸ ಮುಗಿಯಿತು. ಚರ್ಮದ ಮುಲಾಮಿನ ಕತೆಯೂ ಹೀಗೇ.

ಆಳದ ಲೆಕ್ಕ

ಬಿಳಿಯರ ದೇಶಗಳಲ್ಲಿ ಅತಿ ಸಾಮಾನ್ಯ ಚರ್ಮದ ಕ್ಯಾನ್ಸರ್ ಎಂದರೆ ಬೇಸಲ್ ಸೆಲ್ ಕಾರ್ಸಿನೋಮ. ಇದು ಅಪರೂಪವೇನಲ್ಲ. ಆದರೆ ಮುಲಾಮಿನ ಬಗ್ಗೆ ಗಟ್ಟಿ ಪರೀಕ್ಷೆಗಳು ನಡೆದಿರುವುದು ಇದರ ಮೇಲೇ, ಹಾಗಾಗಿ ಇಲ್ಲಿಂದಲೇ ಶುರು ಮಾಡಬೇಕು. 2004ರಲ್ಲಿ ಎಫ್‌ಡಿಎ ಈ ಕ್ಯಾನ್ಸರಿನ ಮೇಲ್ಪದರದ ಬಗೆಗೆ ಮಾತ್ರ ಒಪ್ಪಿಗೆ ಕೊಟ್ಟಿತು. ಷರತ್ತುಗಳನ್ನು ನೋಡಿ. ಗಾತ್ರ 2 ಸೆಂಟಿಮೀಟರಿಗಿಂತ ಜಾಸ್ತಿ ಇರಬಾರದು. ಮುಖದ ಮೇಲಿರಬಾರದು. ಬಯಾಪ್ಸಿ ಮಾಡಿ, ಅಂದರೆ ಒಂದು ಚೂರು ತೆಗೆದು ಪರೀಕ್ಷಿಸಿ, ಖಚಿತವಾಗಿರಬೇಕು. ಶಸ್ತ್ರಚಿಕಿತ್ಸೆ ಅಷ್ಟಾಗಿ ಒಗ್ಗದ ರೋಗಿಯಾಗಿರಬೇಕು. ಕೊನೆಯದು, ರೋಗಿ ಮತ್ತೆ ಮತ್ತೆ ತೋರಿಸಲು ಬರುತ್ತಾನೆ ಎಂಬ ಭರವಸೆ ಇರಬೇಕು. ಈ ಕೊನೆಯ ಷರತ್ತನ್ನು ನೆನಪಿನಲ್ಲಿಡಿ.

ಹಚ್ಚುವ ಕ್ರಮ ಹೀಗೆ. 250 ಮಿಲಿಗ್ರಾಂ ತೂಗುವ ಪುಟ್ಟ ಸ್ಯಾಶೆ, ಶಾಂಪೂ ಸ್ಯಾಶೆಗಿಂತ ಚಿಕ್ಕದು. ಮಲಗುವ ಮುಂಚೆ ಹಚ್ಚಿ ಉಜ್ಜಬೇಕು. ಎಂಟು ಗಂಟೆ ಬಿಡಬೇಕು. ಬೆಳಗ್ಗೆ ತೊಳೆಯಬೇಕು. ವಾರಕ್ಕೆ ಐದು ರಾತ್ರಿ, ಆರು ವಾರ. ಮುಗಿದ ಮೇಲೆ ಮೂರು ತಿಂಗಳು ಕಾದು, ಉರಿ ಇಳಿದು ಚರ್ಮ ಸರಿಹೋದ ನಂತರ, ಹೋಗಿದೆಯೋ ಇಲ್ಲವೋ ನೋಡಬೇಕು.

ಫಲ ಎಷ್ಟು? ಬ್ರಿಟನ್ನಿನಲ್ಲಿ 501 ರೋಗಿಗಳನ್ನು ಎರಡು ಗುಂಪು ಮಾಡಿ ಒಂದಕ್ಕೆ ಮುಲಾಮು, ಇನ್ನೊಂದಕ್ಕೆ ಶಸ್ತ್ರಚಿಕಿತ್ಸೆ ಕೊಟ್ಟರು. ಐದು ವರ್ಷದ ನಂತರ ನೋಡಿದಾಗ ಮುಲಾಮು ಗೆದ್ದದ್ದು 82.5%, ಕತ್ತರಿ ಗೆದ್ದದ್ದು 97.7%. ಮುಲಾಮು ಪರದವರು ಇದನ್ನು ಓದುವುದು ಹೀಗೆ: ಹೊಲಿಗೆಯಿಲ್ಲ, ದೊಡ್ಡ ಗಾಯದ ಗುರುತಿಲ್ಲ, ಐದರಲ್ಲಿ ನಾಲ್ವರಿಗೆ ವಾಸಿ. ಸರ್ಜನ್‌ಗಳು ಓದುವುದು: ಸೋಲುವವರ ಸಂಖ್ಯೆ ಏಳೆಂಟು ಪಟ್ಟು ಜಾಸ್ತಿ. ಅಂಕಿ ಒಂದೇ, ಎರಡು ಓದೂ ಸರಿ.

ಇನ್ನೊಂದು ಸ್ವಾರಸ್ಯದ ವಿಷಯ. ನೆದರ್‌ಲ್ಯಾಂಡ್ಸ್‌ನ 601 ರೋಗಿಗಳ ಪರೀಕ್ಷೆಯಲ್ಲಿ ಇಮಿಕ್ವಿಮೋಡನ್ನು ಎರಡು ಬೇರೆ ಚಿಕಿತ್ಸೆಗಳ ಜೊತೆ ಹೋಲಿಸಿದರು. ಒಂದು, ಕೋಶಗಳನ್ನು ನೇರವಾಗಿ ಕೊಲ್ಲುವ 5-ಎಫ್‌ಯು ಮುಲಾಮು. ಮತ್ತೊಂದು, ಬೆಳಕಿನ ಚಿಕಿತ್ಸೆ. ಮೊದಲ ವರ್ಷ ಇಮಿಕ್ವಿಮೋಡ್ ಮತ್ತು 5-ಎಫ್‌ಯು ನಡುವೆ ಹೆಚ್ಚು ಅಂತರವಿರಲಿಲ್ಲ: ಗೆಲುವು 83.4% ಮತ್ತು 80.1%. ಐದನೇ ವರ್ಷಕ್ಕೆ ಇಮಿಕ್ವಿಮೋಡ್ 80.5ರಲ್ಲಿ ನಿಂತಿತ್ತು, 5-ಎಫ್‌ಯು 70ಕ್ಕೆ ಇಳಿದಿತ್ತು, ಬೆಳಕಿನ ಚಿಕಿತ್ಸೆ 62.7ಕ್ಕೆ. ಒಮ್ಮೆ ಕಳ್ಳನ ಮುಖ ನೋಡಿದ ಊರು ಅದನ್ನು ಮರೆಯದೆ ಇರಬಹುದು ಎಂಬುದು ಇದಕ್ಕೆ ಒಂದು ವಿವರಣೆ.

ಕತ್ತರಿಸಲಾಗದ ಜಾಗಗಳು

ಅಪರೂಪದ ಕ್ಯಾನ್ಸರ್‌ಗಳಿಗೆ ಬಂದಾಗ ಲೆಕ್ಕಾಚಾರವೇ ಬದಲಾಗುತ್ತದೆ. ಯಾಕೆಂದರೆ ಅವು ಬರುವ ಜಾಗಗಳೇ ಕಷ್ಟದವು.

ಲೆಂಟಿಗೊ ಮಲಿಗ್ನಾ ಎಂಬುದನ್ನು ತೆಗೆದುಕೊಳ್ಳಿ. ಇದು ಮೆಲನೋಮಾ ಎಂಬ ಅಪಾಯಕಾರಿ ಚರ್ಮದ ಕ್ಯಾನ್ಸರಿನ ಮೊದಲ ಮೆಟ್ಟಿಲು, ಇನ್ನೂ ಮೇಲ್ಪದರ ದಾಟಿರುವುದಿಲ್ಲ. ವಯಸ್ಸಾದ ಬಿಳಿಯರ ಕೆನ್ನೆ, ಮೂಗು, ಕಣ್ಣಿನ ಕೆಳಗೆ ಕಂದು ಮಚ್ಚೆಯಂತೆ ವರ್ಷಗಟ್ಟಲೆ ಹಬ್ಬುತ್ತದೆ. ಅಂಚು ಎಲ್ಲಿ ಮುಗಿಯುತ್ತದೆ ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಕತ್ತರಿಸುವುದಾದರೆ ಸುತ್ತಲ ಒಳ್ಳೆಯ ಚರ್ಮವನ್ನೂ ಸೇರಿಸಿ ತೆಗೆಯಬೇಕು. ಎಂಬತ್ತೈದರ ಅಜ್ಜಿಯ ಕೆಳರೆಪ್ಪೆಯನ್ನೇ ತೆಗೆದು ಮತ್ತೆ ಕಟ್ಟುವುದು ಎಷ್ಟು ಸರಿ ಎಂಬ ಪ್ರಶ್ನೆ ಅಲ್ಲಿ ಬರುತ್ತದೆ.

ಎಕ್ಸ್‌ಟ್ರಾಮ್ಯಾಮರಿ ಪ್ಯಾಜೆಟ್ ಕಾಯಿಲೆ ಇನ್ನೂ ಅಪರೂಪ. ತೊಡೆಸಂದು, ಗುಪ್ತಾಂಗ, ಗುದದ ಸುತ್ತ ಕೆಂಪಗೆ ತುರಿಕೆಯ ಪಟ್ಟೆಯಾಗಿ ಕಾಣಿಸಿಕೊಳ್ಳುತ್ತದೆ. ನೋಡಿದರೆ ಥೇಟ್ ಗಜಕರ್ಣ. ವರ್ಷಗಟ್ಟಲೆ ಫಂಗಸ್ ಮುಲಾಮು ಹಚ್ಚಿ, ಹೋಗದೆ ಇದ್ದಾಗ ಬಯಾಪ್ಸಿ ಮಾಡಿ, ಆಗ ನಿಜ ತಿಳಿಯುವುದು ಹೊಸದಲ್ಲ. ಇದರ ಕೋಶಗಳು ಕಣ್ಣಿಗೆ ಕಾಣುವ ಅಂಚು ದಾಟಿ ದೂರ ಹರಡಿರುತ್ತವೆ. ಎಷ್ಟು ಅಗಲ ಕತ್ತರಿಸಿದರೂ ಮತ್ತೆ ಬರುವ ಕೆಟ್ಟ ಅಭ್ಯಾಸ ಇದಕ್ಕಿದೆ. ಹೀಗೆ ಅಲ್ಲಿ ಇಲ್ಲಿ ಚದುರಿ ಕೂತ ಕೋಶಗಳನ್ನು ಹುಡುಕಲು ಚಾಕುವಿಗಿಂತ ದೇಹದ ಪಡೆಯೇ ಮೇಲು ಎಂಬುದು ಮುಲಾಮು ಪರದವರ ವಾದ.

ಎಲ್ಲಕ್ಕಿಂತ ಬಲವಾದ ಸಾಕ್ಷ್ಯ ಸಿಕ್ಕಿರುವುದು ಹೆಣ್ಣುಮಕ್ಕಳ ಹೊರಜನನಾಂಗದ ಕ್ಯಾನ್ಸರ್‌ಪೂರ್ವ ಸ್ಥಿತಿಯಲ್ಲಿ. ಎಚ್‌ಪಿವಿ ವೈರಸ್ಸಿನಿಂದ ಬರುವ ಇದಕ್ಕೆ ದಶಕಗಳಿಂದ ಕತ್ತರಿಸುವುದೇ ಮದ್ದಾಗಿತ್ತು. ಆಸ್ಟ್ರಿಯಾದಲ್ಲಿ 110 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು. ಮುಲಾಮು ಹಚ್ಚಿದವರಲ್ಲಿ 80%, ಶಸ್ತ್ರಚಿಕಿತ್ಸೆಯಾದವರಲ್ಲಿ 79% ಮಂದಿಗೆ ಪೂರ್ತಿ ಹೋಗಿತ್ತು. ಸಮಸಮ. ಆ ಜಾಗದ ಶಸ್ತ್ರಚಿಕಿತ್ಸೆ ಹೆಣ್ಣಿನ ದಾಂಪತ್ಯ, ಮೂತ್ರ ವಿಸರ್ಜನೆ, ಮನಸ್ಸು ಎಲ್ಲದರ ಮೇಲೂ ಬೀರುವ ಪರಿಣಾಮ ನೆನೆದರೆ, ಈ ‘ಸಮಸಮ’ ದೊಡ್ಡ ಗೆಲುವೇ.

ಮೈಕೋಸಿಸ್ ಫಂಗಾಯ್ಡಿಸ್ ಎಂಬುದು ಹೆಸರಿನಲ್ಲಿ ಫಂಗಸ್ ಇದ್ದರೂ ಫಂಗಸ್ ಅಲ್ಲ. ಟಿ ಕೋಶಗಳೇ ಕ್ಯಾನ್ಸರಾಗಿ ಚರ್ಮದಲ್ಲಿ ಬೀಡುಬಿಡುವ ಕಾಯಿಲೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಇಮಿಕ್ವಿಮೋಡಿನ ತಮ್ಮನಂತಿರುವ ರೆಸಿಕ್ವಿಮೋಡನ್ನು 12 ರೋಗಿಗಳಿಗೆ ಹಚ್ಚಿ 2015ರಲ್ಲಿ ವರದಿ ಮಾಡಿದರು. ಮುಕ್ಕಾಲು ಪಾಲು ಜನರಿಗೆ ಹಚ್ಚಿದ ಜಾಗ ಸುಧಾರಿಸಿತು. ಹಚ್ಚದೇ ಬಿಟ್ಟ ಪಟ್ಟೆಗಳೂ ಕೆಲವರಲ್ಲಿ ಕರಗಿದ್ದು ವೈದ್ಯರ ಹುಬ್ಬೇರಿಸಿತು. ಆದರೆ ಹನ್ನೆರಡೇ ಜನ ಅಲ್ವಾ, ಅದರ ಮೇಲೆ ದೊಡ್ಡ ಮನೆ ಕಟ್ಟಲಾಗದು.

ಮೇಲೆ ಮಾಸಿತು, ಕೆಳಗೆ?

ಮುಲಾಮಿನ ಬಗ್ಗೆ ಸರ್ಜನ್‌ಗಳಿಗಿರುವ ದೊಡ್ಡ ತಕರಾರು ಗೆಲುವಿನ ಶೇಕಡಾವಾರಿನ ಬಗ್ಗೆ ಅಲ್ಲ, ಪುರಾವೆಯ ಬಗ್ಗೆ. ಕತ್ತರಿಸಿದರೆ ಕೈಯಲ್ಲಿ ಒಂದು ತುಂಡು ಸಿಗುತ್ತದೆ. ಪೆಥಾಲಜಿಸ್ಟ್ ಅದರ ಅಂಚನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ‘ಪೂರ್ತಿ ಬಂದಿದೆ’ ಅಥವಾ ‘ಇನ್ನೂ ಉಳಿದಿದೆ’ ಎಂದು ಹೇಳುತ್ತಾರೆ. ಮಚ್ಚೆ ಎಂದುಕೊಂಡದ್ದರ ಮಧ್ಯೆ ಎಲ್ಲೋ ಒಂದು ಕಡೆ ಕ್ಯಾನ್ಸರ್ ಆಳಕ್ಕಿಳಿದಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ. ಮುಲಾಮಿನಲ್ಲಿ ತುಂಡಿಲ್ಲ. ಕಣ್ಣಿಗೆ ಕಾಣುವುದೇ ಸಾಕ್ಷಿ.

ಕಣ್ಣಿಗೆ ಕಾಣುವುದನ್ನು ಎಷ್ಟು ನಂಬಬಹುದು? ಲೆಂಟಿಗೊ ಮಲಿಗ್ನಾದ ಹಳೆಯ ವರದಿಗಳನ್ನೆಲ್ಲ ಒಟ್ಟು ಹಾಕಿದರೆ ಸುಮಾರು ಮುಕ್ಕಾಲು ಪಾಲು ರೋಗಿಗಳಿಗೆ ವಾಸಿಯಾದಂತೆ ಕಾಣುತ್ತದೆ. ಆದರೆ ಬ್ರಿಟನ್ನಿನ ಲಿಮಿಟ್-1 ಎಂಬ ಚಿಕ್ಕ ಪರೀಕ್ಷೆಯಲ್ಲಿ ಮುಲಾಮು ಮುಗಿದ ಮೇಲೆ ಆ ಜಾಗವನ್ನು ಕತ್ತರಿಸಿಯೇ ನೋಡಿದರು. ಪೂರ್ತಿ ಹೋಗಿದ್ದದ್ದು 37% ಜನರಿಗೆ ಮಾತ್ರ. ಶಸ್ತ್ರಚಿಕಿತ್ಸೆಯ ಬದಲು ಇದನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸುವಷ್ಟು ಫಲವಿಲ್ಲ ಎಂದು ಸಂಶೋಧಕರೇ ಹೇಳಿದರು. ಮುಕ್ಕಾಲಿಗೂ ಮೂರನೇ ಒಂದಕ್ಕೂ ನಡುವಿನ ಈ ಅಂತರದಲ್ಲೇ ಇಡೀ ಜಗಳ ಕೂತಿದೆ.

ಅಂತರಕ್ಕೆ ಕಾರಣಗಳಿವೆ. ಮುಲಾಮು ಹಚ್ಚಿದಾಗ ಕಂದು ಬಣ್ಣ ಮೊದಲು ಹೋಗುತ್ತದೆ. ಬಣ್ಣವಿಲ್ಲದ ಕ್ಯಾನ್ಸರ್ ಕೋಶಗಳು ಉಳಿದರೂ ಕಾಣುವುದಿಲ್ಲ. ಕೂದಲಿನ ಬುಡದ ಗುಂಟ ಕೆಳಗಿಳಿದ ಕೋಶಗಳಿಗೆ ಔಷಧ ಸರಿಯಾಗಿ ತಲುಪದೆ ಇರಬಹುದು. ಮತ್ತೆ, ಚೆನ್ನಾಗಿ ವಾಸಿಯಾದ ರೋಗಿಯ ಬಗ್ಗೆ ವೈದ್ಯರು ಲೇಖನ ಬರೆಯುತ್ತಾರೆ, ವಾಸಿಯಾಗದವರ ಬಗ್ಗೆ ಬರೆಯುವುದು ಕಡಿಮೆ. ಸಣ್ಣ ಸಣ್ಣ ವರದಿಗಳನ್ನು ಕೂಡಿಸಿದರೆ ಔಷಧ ತನಗಿಂತ ದೊಡ್ಡದಾಗಿ ಕಾಣುತ್ತದೆ. ನನ್ನ ಮಟ್ಟಿಗೆ, ಲೆಂಟಿಗೊ ಮಲಿಗ್ನಾದಲ್ಲಿ ಸರ್ಜನ್‌ಗಳ ಮಾತಿಗೆ ತೂಕ ಜಾಸ್ತಿ. ಹೊರಜನನಾಂಗದ ವಿಷಯದಲ್ಲಿ ಮಾತ್ರ ಮೊದಲು ಮುಲಾಮನ್ನೇ ನೋಡಬೇಕು.

ಪರೀಕ್ಷೆ ಮಾಡುವವರು ಯಾರು?

ಹಾಗಾದರೆ ದೊಡ್ಡ ಪರೀಕ್ಷೆ ಮಾಡಿ ಜಗಳ ಮುಗಿಸಬಾರದೇ? ಅಪರೂಪದ ಕಾಯಿಲೆ ಎಂಬ ಪದದಲ್ಲೇ ಉತ್ತರ ಇದೆ. ಆಸ್ಟ್ರಿಯಾದ ಆ 110 ಮಹಿಳೆಯರನ್ನು ಸೇರಿಸಲು ಆರು ಆಸ್ಪತ್ರೆಗಳಿಗೆ 2013ರಿಂದ 2020ರವರೆಗೆ ಸಮಯ ಹಿಡಿಯಿತು. ಪ್ಯಾಜೆಟ್ ಕಾಯಿಲೆಯ 110 ಜನ ಬೇಕೆಂದರೆ ಒಂದು ದೇಶ ಸಾಕಾಗದು.

ಎರಡನೆಯದು ದುಡ್ಡು. ಅಮೆರಿಕದಲ್ಲಿ 2010ರಿಂದಲೇ ಈ ಮುಲಾಮನ್ನು ಬೇರೆ ಕಂಪನಿಗಳೂ ಮಾಡುತ್ತಿವೆ. ಭಾರತದಲ್ಲೂ ಸ್ಥಳೀಯ ಕಂಪನಿಗಳ ಸ್ಯಾಶೆ ಸಿಗುತ್ತದೆ. ಯಾರು ಬೇಕಾದರೂ ಮಾಡಬಹುದಾದ ಔಷಧದ ಮೇಲೆ ಕೋಟಿಗಟ್ಟಲೆ ಸುರಿದು ಪರೀಕ್ಷೆ ಮಾಡಿಸುವ ಕಂಪನಿ ಇಲ್ಲ, ಲಾಭ ಪಕ್ಕದವನಿಗೂ ಹೋಗುತ್ತದಲ್ಲ. ‘ಕಂಪನಿಗಳು ಮುಚ್ಚಿಟ್ಟಿವೆ’ ಎಂಬ ವಾಟ್ಸಾಪ್ ಮಾತಿನಲ್ಲಿ ಕಾಳಷ್ಟು ನಿಜ ಇದ್ದರೆ ಇಲ್ಲಿದೆ: ಮುಚ್ಚಿಟ್ಟಿಲ್ಲ, ಸುಮ್ಮನೆ ಕೈಬಿಟ್ಟಿವೆ. ಅದಕ್ಕೇ ಅಪರೂಪದ ಕ್ಯಾನ್ಸರ್‌ಗಳಿಗೆ ಇದರ ಬಳಕೆಯೆಲ್ಲ ಲೇಬಲ್ಲಿನಲ್ಲಿ ಬರೆಯದ ಬಳಕೆ. ವೈದ್ಯರು ತಮ್ಮ ವಿವೇಚನೆಯ ಮೇಲೆ, ರೋಗಿಗೆ ತಿಳಿಸಿ ಕೊಡುತ್ತಾರೆ. ಅಮೆರಿಕದಲ್ಲಿ ಕಾನೂನು ಅದನ್ನು ತಡೆಯುವುದಿಲ್ಲ.

ಮುಲಾಮು ಮುಟ್ಟದವು

ಈಗ ಉಲ್ಟಾ ಕಡೆ ನೋಡೋಣ. ಅಮೆರಿಕದ ಗಾಯಕ ಜಿಮ್ಮಿ ಬಫೆಟ್ 2023ರ ಸೆಪ್ಟೆಂಬರ್ 1ರಂದು ತೀರಿಕೊಂಡದ್ದು ಮರ್ಕೆಲ್ ಸೆಲ್ ಕಾರ್ಸಿನೋಮ ಎಂಬ ಅಪರೂಪದ ಚರ್ಮದ ಕ್ಯಾನ್ಸರಿನಿಂದ. ಇಂಥ ಗಡ್ಡೆಗಳಲ್ಲಿ ಸುಮಾರು 80%ರಲ್ಲಿ ಒಂದು ವೈರಸ್ ಇರುತ್ತದೆ ಎಂದು 2008ರಲ್ಲಿ ಪಿಟ್ಸ್‌ಬರ್ಗಿನ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ಅವರ ತಂಡ ಕಂಡುಹಿಡಿಯಿತು. ವೈರಸ್ ಇದೆ ಎಂದಮೇಲೆ ರಕ್ಷಣಾ ಪಡೆಯನ್ನು ಎಬ್ಬಿಸಿದರೆ ಫಲ ಸಿಗಬೇಕು. ಸಿಗುತ್ತದೆ ಕೂಡ. ಆದರೆ ಎಬ್ಬಿಸುವುದು ಮುಲಾಮಿನಿಂದಲ್ಲ. 2017ರಲ್ಲಿ ಒಪ್ಪಿಗೆ ಪಡೆದ ಅವೆಲುಮಾಬ್‌ನಂಥ, ರಕ್ತನಾಳಕ್ಕೆ ಹನಿಹನಿಯಾಗಿ ಕೊಡುವ ಔಷಧದಿಂದ. ಈ ಕ್ಯಾನ್ಸರ್ ಬೇಗ ಆಳಕ್ಕಿಳಿದು ಹರಡುತ್ತದೆ. ಮೇಲಿನಿಂದ ಕೂಗಿದ್ದು ಅಲ್ಲಿಗೆ ಕೇಳಿಸುವುದಿಲ್ಲ.

ನಮ್ಮಂಥ ಕಪ್ಪು, ಕಂದು ಮೈಬಣ್ಣದವರಲ್ಲಿ ಮೆಲನೋಮಾ ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಬರುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲಿಯನ್ನು 1981ರಲ್ಲಿ ಬಲಿ ತೆಗೆದುಕೊಂಡದ್ದು ಕಾಲಿನ ಹೆಬ್ಬೆರಳಿನ ಉಗುರಿನಡಿ ಶುರುವಾದ ಇದೇ ಬಗೆ. ಅಂಗಾಲಿನ ಚರ್ಮ ದಪ್ಪ, ಮುಲಾಮು ಇಳಿಯುವುದಿಲ್ಲ. ಇಳಿಯುವಷ್ಟು ಕಾಯುವ ಸಮಯವೂ ಇರುವುದಿಲ್ಲ. ಸೊಂಟದ ಮೇಲೆ ಲಂಗದ ಲಾಡಿ ದಶಕಗಟ್ಟಲೆ ಉಜ್ಜಿ ಉಜ್ಜಿ ಆಗುವ, ವೈದ್ಯರು ‘ಸೀರೆ ಕ್ಯಾನ್ಸರ್’ ಎನ್ನುವ ಹುಣ್ಣಿಗೂ ಇದು ಮದ್ದಲ್ಲ. ಅದನ್ನು ಕತ್ತರಿಸಲೇಬೇಕು. ಮಚ್ಚೆಗೆ ಸುಣ್ಣ-ಸೋಡಾ ಹಚ್ಚಿ ಸುಡುವ ಹಳೆಯ ಪದ್ಧತಿಗೂ ಈ ಮುಲಾಮಿಗೂ ಸಂಬಂಧವಿಲ್ಲ. ಸುಟ್ಟರೆ ಮೇಲಿನದು ಹೋಗಿ, ಕೆಳಗಿನದರ ಮೇಲೆ ಗಾಯದ ಮುಚ್ಚಳ ಕೂರುತ್ತದೆ.

ಎಂಟು ಗಂಟೆ ಮತ್ತು ಒಂದು ನಿಮಿಷ

ಈಗ ಸೋಪಿಗೆ ವಾಪಸ್ಸು ಬರೋಣ. ಮುಲಾಮು ಚರ್ಮದ ಮೇಲೆ ಎಂಟು ಗಂಟೆ ಇರಬೇಕು. ಬೆಳಗ್ಗೆ ಅದನ್ನು ತೊಳೆಯಲು ಲೇಬಲ್ಲು ಹೇಳುವ ವಸ್ತು ಯಾವುದು ಗೊತ್ತೇ? ಸೋಪು ಮತ್ತು ನೀರು! ತೊಳೆದುಹಾಕುವ ವಸ್ತುವಿನಲ್ಲೇ ಉಳಿಯಬೇಕಾದ ಔಷಧವನ್ನು ಇಡುವುದೇ ಹುಡುಗನ ಮುಂದಿದ್ದ ತೊಡಕು. ಅವನ ಉಪಾಯ, ಔಷಧವನ್ನು ಕೊಬ್ಬಿನ ಅತಿಸಣ್ಣ ಕಣಗಳಲ್ಲಿ ಸುತ್ತಿಡುವುದು. ನೊರೆ ಹೋದರೂ ಕಣ ಚರ್ಮಕ್ಕೆ ಅಂಟಿಕೊಂಡು ಉಳಿಯಬೇಕು. ಜಾಣ ಯೋಚನೆ. 2024ರ ಆಗಸ್ಟಿನಲ್ಲಿ ಟೈಮ್ ಬರೆದಾಗ ಅವನು ಜಾನ್ಸ್ ಹಾಪ್ಕಿನ್ಸ್‌ನ ಪ್ರಯೋಗಾಲಯವೊಂದರಲ್ಲಿ ಇಲಿಗಳ ಮೇಲಿನ ಪರೀಕ್ಷೆಗೆ ತಯಾರಿ ನಡೆಸಿದ್ದ. ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಉದ್ದ. ಹೆಚ್ಚಿನವು ನಡುದಾರಿಯಲ್ಲೇ ನಿಲ್ಲುತ್ತವೆ.

ಇನ್ನೊಂದು ತೊಡಕು ಅಳತೆಯದು. ಸ್ಯಾಶೆಯಲ್ಲಿ ಔಷಧ ಎಷ್ಟು ಎಂದು ಗೊತ್ತು: 12.5 ಮಿಲಿಗ್ರಾಂ. ಹಚ್ಚುವ ಜಾಗವೂ ಇಷ್ಟೇ ಎಂದು ಗೊತ್ತು. ಸೋಪನ್ನು ಯಾರು ಎಷ್ಟು ಉಜ್ಜುತ್ತಾರೆ, ಎಲ್ಲೆಲ್ಲಿ ಉಜ್ಜುತ್ತಾರೆ? ಇಡೀ ಮೈಗೆ ‘ಹುಲಿ ಬಂತು’ ಎಂದು ಕೂಗಿದರೆ ಮೈಯೆಲ್ಲ ಉರಿ.

ಮೆಡಿಕಲ್ ಶಾಪಿನ ಇನ್ನೊಂದು ಟ್ಯೂಬು

ನಮ್ಮ ಕಡೆ ಈ ಸುದ್ದಿಗೆ ಬೇರೆಯದೇ ಅಪಾಯ ಇದೆ. ತುರಿಕೆ, ಕಲೆ, ಏನೇ ಇರಲಿ, ಮೆಡಿಕಲ್ ಶಾಪಿಗೆ ಹೋಗಿ ‘ಒಂದು ಟ್ಯೂಬು ಕೊಡಿ’ ಎನ್ನುವುದು ವಾಡಿಕೆ. ಬಹಳ ಸಲ ಆ ಟ್ಯೂಬಿನಲ್ಲಿ ಸ್ಟಿರಾಯ್ಡ್ ಇರುತ್ತದೆ. ಸ್ಟಿರಾಯ್ಡ್ ಕೆಲಸ ಇಮಿಕ್ವಿಮೋಡಿನ ಪೂರ್ತಿ ಉಲ್ಟಾ: ಅದು ರಕ್ಷಣಾ ಪಡೆಯನ್ನು ಮಲಗಿಸುತ್ತದೆ. ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ, ಕಾಯಿಲೆ ಒಳಗೊಳಗೇ ಹಬ್ಬುತ್ತದೆ. ಪ್ಯಾಜೆಟ್ ಕಾಯಿಲೆ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳಲು ಇದೂ ದಾರಿ. ಇಮಿಕ್ವಿಮೋಡನ್ನೂ ಹೀಗೇ ಬಯಾಪ್ಸಿಯಿಲ್ಲದೆ ತಂದು ಹಚ್ಚಿದರೆ, ಮೇಲೆ ವಾಸಿಯಾದಂತೆ ಕಂಡು ಕೆಳಗೆ ಉಳಿಯುವ ಭಯ. ಹಚ್ಚಿದ ಜಾಗ ಬೆಳ್ಳಗಾಗುವುದೂ ಉಂಟು. ಬಿಳಿಯರಿಗೆ ಅದು ಅಷ್ಟಾಗಿ ಕಾಣದು. ನಮಗೆ ತೊನ್ನಿನಂತೆ ಎದ್ದು ಕಾಣುತ್ತದೆ. ಮದುವೆಯಾಗಬೇಕಾದ ಹುಡುಗಿಯ ಕೆನ್ನೆಯ ಮೇಲಾದರೆ ಮನೆಯವರು ಏನು ಮಾತಾಡುತ್ತಾರೆ ಎಂಬುದು ಗೊತ್ತಿರುವುದೇ.

ಹಾಗೆಂದು ಇದು ನಮಗೆ ಬೇಡದ ಔಷಧ ಎಂದಲ್ಲ. ಝೀರೋಡರ್ಮಾ ಪಿಗ್ಮೆಂಟೋಸಂ ಎಂಬ ಹುಟ್ಟು ಕಾಯಿಲೆ ಇರುವ ಮಕ್ಕಳ ಚರ್ಮಕ್ಕೆ ಬಿಸಿಲಿನ ಪೆಟ್ಟನ್ನು ರಿಪೇರಿ ಮಾಡಿಕೊಳ್ಳುವ ಶಕ್ತಿ ಇರುವುದಿಲ್ಲ. ಅವರಿಗೆ ಮೊದಲ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವುದು ಒಂಬತ್ತರ ಆಸುಪಾಸಿನಲ್ಲಿ. ಅಪ್ಪ-ಅಮ್ಮ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಬರುವ ಕಾಯಿಲೆ ಇದು. ಸೋದರಮಾವ, ಅತ್ತೆಯ ಮಗ ಎಂದು ಸಂಬಂಧದೊಳಗೇ ಮದುವೆಯಾಗುವ ಕಡೆ ಜಾಸ್ತಿ. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದಲ್ಲೇ ಆಗಿವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮುಖದ ಮೇಲೆ ಹತ್ತಾರು ಕಡೆ ಏಳುವ ಕ್ಯಾನ್ಸರನ್ನು ಒಂದೊಂದಾಗಿ ಕತ್ತರಿಸುತ್ತಾ ಹೋದರೆ ಮಗುವಿಗೆ ಮುಖವೇ ಉಳಿಯುವುದಿಲ್ಲ. ಅಲ್ಲಿ ಮುಲಾಮು ಬೇಕೇ ಬೇಕು.

ಯಾದಗಿರಿ ಜಿಲ್ಲೆಯ ಸುರಪುರದ ಕಡೆಯ ಕತೆ ಇನ್ನೊಂದು. ಮಂಗಳೂರು ಎಂಬ ಹೆಸರಿನ ಹಳೆಯ ಚಿನ್ನದ ಗಣಿಯ ಹತ್ತಿರದ ಕಿರದಳ್ಳಿ ತಾಂಡಾದಲ್ಲಿ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತು. ಪರೀಕ್ಷೆಗೊಳಗಾದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದ ಮೇಲೆ ಅದರ ಗುರುತುಗಳಿದ್ದವು ಎಂದು 2013ರಲ್ಲಿ ವರದಿಯಾಯಿತು. ಆರ್ಸೆನಿಕ್ ಕುಡಿದ ಚರ್ಮದಲ್ಲಿ ವರ್ಷಗಳ ನಂತರ ಏಳುವ ಕ್ಯಾನ್ಸರಿನ ಮೊದಲ ರೂಪ ಬೋವೆನ್ ಕಾಯಿಲೆ. ಮೇಲ್ಪದರದಲ್ಲೇ ಇರುವ, ಮೈಮೇಲೆ ಹಲವು ಕಡೆ ಏಳುವ ಕಾಯಿಲೆ ಅದು. ಮುಲಾಮಿಗೆ ಹೇಳಿ ಮಾಡಿಸಿದಂಥದ್ದು. ಬ್ರಿಟನ್ನಿನಲ್ಲಿ 31 ಬೋವೆನ್ ರೋಗಿಗಳ ಒಂದು ಪರೀಕ್ಷೆಯಲ್ಲಿ 16 ವಾರ ಇಮಿಕ್ವಿಮೋಡ್ ಹಚ್ಚಿದವರಲ್ಲಿ 73% ಜನರಿಗೆ ಹೋಯಿತು, ಔಷಧವಿಲ್ಲದ ಬರೀ ಮುಲಾಮು ಹಚ್ಚಿದವರಲ್ಲಿ ಒಬ್ಬರಿಗೂ ಹೋಗಲಿಲ್ಲ.

ಲೇಬಲ್ಲಿನ ಕೊನೆಯ ಷರತ್ತು ನೆನಪಿದೆಯಲ್ಲ, ರೋಗಿ ಮತ್ತೆ ಮತ್ತೆ ತೋರಿಸಲು ಬರಬೇಕು ಎಂಬುದು. ಬಯಾಪ್ಸಿಗೆ ಒಂದು ಸಲ. ಉರಿ ಜಾಸ್ತಿಯಾದರೆ ನಡುವೆ ಒಂದೆರಡು ಸಲ. ಮೂರು ತಿಂಗಳ ನಂತರ ಮತ್ತೊಮ್ಮೆ, ಆಮೇಲೆ ವರ್ಷಗಟ್ಟಲೆ. ಗುಳೆ ಹೋಗುವ ತಾಂಡಾದ ಜನರಿಗೆ ಇದರಲ್ಲಿ ಅಗ್ಗವಾದದ್ದು ಸ್ಯಾಶೆ ಒಂದೇ. ಬಯಾಪ್ಸಿ ತೆಗೆದು ಓದುವ ಪೆಥಾಲಜಿಸ್ಟ್ ಎಷ್ಟು ದೂರದಲ್ಲಿದ್ದಾರೆ, ಬೆಂಗಳೂರಿನ ಕಿದ್ವಾಯಿಗೆ ರಾತ್ರಿ ರೈಲು ಹತ್ತಿದರೆ ಎಷ್ಟು ದಿನದ ಕೂಲಿ ಹೋಗುತ್ತದೆ ಎಂಬ ಲೆಕ್ಕ ಆ ಸೋಪಿನ ಸುದ್ದಿಯಲ್ಲಿ ಎಲ್ಲೂ ಬರುವುದಿಲ್ಲ.